ಹೆಸರಿನ ಹಲಗೆ ಹುಡುಕಿ ಬರುವ ಬಾಂಬು: ಸ್ವೀಡನ್ನಿನ ಹಿಂಸೆಯನ್ನು ವಲಸಿಗರು ಓದಬೇಕಾದ ಬಗೆ

ಸ್ಟಾಕ್‌ಹೋಮಿನ ಹೆಚ್ಚಿನ ಅಪಾರ್ಟ್‌ಮೆಂಟುಗಳಲ್ಲಿ ಕೆಳಗಿನ ಬಾಗಿಲು ದಾಟಿದ ಕೂಡಲೇ ಗೋಡೆಯ ಮೇಲೆ ಒಂದು ಹಲಗೆ ಕಾಣುತ್ತದೆ. ಅದರಲ್ಲಿ ಮಹಡಿವಾರು ಹೆಸರುಗಳು: ಎರಡನೆಯದರಲ್ಲಿ ಆಂಡರ್ಸನ್, ಮೂರನೆಯದರಲ್ಲಿ ಹೆಗಡೆ, ನಾಲ್ಕನೆಯದರಲ್ಲಿ ಲಿಂಡ್‌ಕ್ವಿಸ್ಟ್. ಮೇಲೆ ಹೋದರೆ ಮನೆಬಾಗಿಲಿನ ನಡುವೆ ಕಾಗದ ಹಾಕುವ ಸೀಳು, ಅದರ ಮೇಲೆ ಮತ್ತೆ ಅದೇ ಹೆಸರು. ಇಷ್ಟಕ್ಕೂ ಅಲ್ಲಿವರೆಗೆ ನಡೆದು ಹೋಗಬೇಕೆಂದೇನೂ ಇಲ್ಲ. ಫೋನಿನಲ್ಲಿ ಒಬ್ಬರ ಹೆಸರು ಟೈಪಿಸಿದರೆ ಅವರ ವಯಸ್ಸು, ಹುಟ್ಟಿದ ದಿನ, ಬೀದಿ, ಫ್ಲ್ಯಾಟಿನ ಸಂಖ್ಯೆ, ಅದೇ ವಿಳಾಸದಲ್ಲಿರುವ ಇತರರ ಹೆಸರು ಎಲ್ಲವನ್ನೂ ತೋರಿಸುವ ವೆಬ್‌ಸೈಟುಗಳು ಈ ದೇಶದಲ್ಲಿ ಹಲವಾರಿವೆ. ಸರ್ಕಾರಿ ದಾಖಲೆ ಎಲ್ಲರಿಗೂ ತೆರೆದಿರಬೇಕೆಂಬ ಸ್ವೀಡಿಷ್ ತತ್ವಕ್ಕೆ 1766ರ ಮುದ್ರಣ ಸ್ವಾತಂತ್ರ್ಯ ಕಾಯ್ದೆಯಷ್ಟು ಹಳೆಯ ಬೇರಿದೆ. ಈ ವೆಬ್‌ಸೈಟುಗಳು ಪ್ರಕಟಣಾ ಪರವಾನಗಿ ಪಡೆದು ಸಂವಿಧಾನದ ರಕ್ಷಣೆಯಲ್ಲಿ ನಡೆಯುತ್ತವೆ. ಹಾಗಾಗಿ ಯುರೋಪಿನ ಖಾಸಗಿತನದ ಕಾನೂನು ಅವುಗಳನ್ನು ಅಷ್ಟು ಸುಲಭವಾಗಿ ಮುಟ್ಟಲಾಗದು.

ಬೆಂಗಳೂರಿನಿಂದ ಬಂದವರಿಗೆ ಮೊದಮೊದಲು ಇದು ಮೆಚ್ಚುಗೆಯೇ ಆಗುತ್ತದೆ. ನೆರೆಯವರ ಸಂಬಳದ ಲೆಕ್ಕವನ್ನೂ ಕೇಳಿ ಪಡೆಯಬಹುದಾದ ದೇಶದಲ್ಲಿ ಮುಚ್ಚುಮರೆ ಇಲ್ಲವಲ್ಲ ಎಂಬ ನೆಮ್ಮದಿ ಅದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದೇ ವ್ಯವಸ್ಥೆ ಗ್ಯಾಂಗುಗಳ ಕೈಗೆ ಸಿಕ್ಕಿದೆ. ಗುರಿಯಿಟ್ಟ ಎದುರಾಳಿ ತಲೆಮರೆಸಿಕೊಂಡಿದ್ದರೆ ಅವನ ತಾಯಿ, ತಮ್ಮ, ಹಳೆಯ ಗೆಳತಿ ಎಲ್ಲಿದ್ದಾರೆಂದು ಹುಡುಕುತ್ತಾರೆ, ಅಲ್ಲಿಗೆ ಸ್ಫೋಟಕ ಕಳಿಸುತ್ತಾರೆ. ಇಡುವುದು ಹೆಚ್ಚಾಗಿ ಕಟ್ಟಡದ ಬಾಗಿಲಲ್ಲಿ ಅಥವಾ ಮೆಟ್ಟಿಲಿನ ಬುಡದಲ್ಲಿ, ಅದೂ ನಡುರಾತ್ರಿಯಲ್ಲಿ. ಗುರಿ ಒಂದು ಮನೆಯಾದರೂ ಗಾಜು ಒಡೆಯುವುದು ಹತ್ತು ಮನೆಯದು. 2023ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಉಪ್ಸಲಾ ಪಕ್ಕದ ಸ್ತೂರ್‌ವ್ರೆತಾ ಎಂಬ ಸಣ್ಣ ಊರಿನಲ್ಲಿ ಹೀಗೆ ಸ್ಫೋಟವಾಗಿ ಯುವತಿಯೊಬ್ಬಳು ಸತ್ತಳು. ಆಕೆಗೂ ಗ್ಯಾಂಗುಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಅಂದು ರಾತ್ರಿ ಪ್ರಧಾನಿ ಉಲ್ಫ್ ಕ್ರಿಸ್ಟರ್‌ಸನ್ ಟಿವಿಯಲ್ಲಿ ದೇಶವನ್ನು ಉದ್ದೇಶಿಸಿ ಮಾತಾಡಿದರು, ಸೇನಾ ಮುಖ್ಯಸ್ಥರನ್ನೂ ಮಾತುಕತೆಗೆ ಕರೆಯುವುದಾಗಿ ಹೇಳಿದರು.

ಸ್ವೀಡನ್ನಿನ ಈಗಿನ ಹಿಂಸೆಯನ್ನು ಅರ್ಥ ಮಾಡಿಕೊಳ್ಳಲು ಇದನ್ನೇ ಮೊದಲು ತಿಳಿದಿರಬೇಕು: ಅದು ಬೀದಿಯಲ್ಲಿ ಕಂಡಕಂಡವರ ಮೇಲೆ ಎರಗುವ ಹಿಂಸೆಗಿಂತ ಹೆಚ್ಚಾಗಿ ಒಂದು ವಿಳಾಸಕ್ಕೆ ಕಳಿಸಿಕೊಟ್ಟ ಹಿಂಸೆ. ಇಲ್ಲಿ ನೆಲೆಸಿದ ಕನ್ನಡಿಗರು ಕೇಳುವ ‘ಈ ದೇಶ ಇನ್ನು ಸುರಕ್ಷಿತವೇ’ ಎಂಬ ಪ್ರಶ್ನೆಗೆ ದೇಶದ ಒಟ್ಟು ಅಂಕಿಅಂಶ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಉಳಿದರ್ಧ ನೀವಿರುವ ಕಟ್ಟಡದಲ್ಲಿದೆ.

ಅಂಕಿಅಂಶವನ್ನೇ ಮೊದಲು ನೋಡೋಣ. ಸ್ವೀಡನ್ನಿನ ಜನಸಂಖ್ಯೆ ಸುಮಾರು 1.05 ಕೋಟಿ. ‘ಬ್ರೋ’ ಎಂದು ಕರೆಯಲ್ಪಡುವ ಅಪರಾಧ ತಡೆ ಮಂಡಳಿಯ ಲೆಕ್ಕದಲ್ಲಿ ಕೊಲೆಗಳು 2012ರಲ್ಲಿ 68 ಇದ್ದವು. 2020ರಲ್ಲಿ 124 ಆದವು, 2022ರಲ್ಲಿ 116, 2023ರಲ್ಲಿ 121. 2024ರಲ್ಲಿ 92ಕ್ಕೆ ಇಳಿದವು. 2022ರ ಲೆಕ್ಕ ಲಕ್ಷಕ್ಕೆ 1.1 ಆಗುತ್ತದೆ. ಅದೇ ವರ್ಷ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣ 28,522, ಅಂದರೆ ಲಕ್ಷಕ್ಕೆ 2.1. ಒಟ್ಟು ಕೊಲೆಯ ಲೆಕ್ಕದಲ್ಲಿ ಸ್ವೀಡನ್ ಇಂದಿಗೂ ನಾವು ಬಿಟ್ಟುಬಂದ ದೇಶದ ಅರ್ಧದಷ್ಟು. ಊರಿನಿಂದ ಫೋನ್ ಮಾಡಿ ‘ಅಲ್ಲಿ ಬಾಂಬ್ ಹಾಕ್ತಾರಂತೆ, ವಾಪಸ್ ಬಂದ್ಬಿಡಿ’ ಎನ್ನುವ ಅಪ್ಪ ಅಮ್ಮನಿಗೆ ಈ ಎರಡು ಸಂಖ್ಯೆ ಹೇಳಬಹುದು.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವರಿಗೆ ಮೋಸ ಮಾಡಿದಂತೆ. ಬಂದೂಕಿನ ಸಾವನ್ನಷ್ಟೇ ಬೇರೆ ಮಾಡಿ ನೋಡಿದರೆ ಚಿತ್ರ ಬದಲಾಗುತ್ತದೆ. 2021ರಲ್ಲಿ ಬ್ರೋ 22 ಯುರೋಪಿಯನ್ ದೇಶಗಳನ್ನು ಹೋಲಿಸಿತು. ಗುಂಡೇಟಿನಿಂದ ಸಾಯುವವರು ಯುರೋಪಿನ ಸರಾಸರಿಯಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ 1.6, ಸ್ವೀಡನ್ನಿನಲ್ಲಿ ಸುಮಾರು 4. ಬೇರೆ ದೇಶಗಳಲ್ಲಿ ಇಳಿಯುತ್ತಿದ್ದಾಗ ಇಲ್ಲಿ ಮಾತ್ರ ಗಣನೀಯವಾಗಿ ಏರಿತ್ತು. ಹತ್ತರಲ್ಲಿ ಎಂಟು ಘಟನೆ ಕ್ರಿಮಿನಲ್ ವಲಯದ ಒಳಗಿನವು. ಪೊಲೀಸರ ಎಣಿಕೆಯಲ್ಲಿ ಗುಂಡು ಹಾರಿಸಿದ ಘಟನೆಗಳು 2022ರಲ್ಲಿ 391, 2023ರಲ್ಲಿ 363, 2024ರಲ್ಲಿ 296. ಸ್ಫೋಟಗಳು ಮಾತ್ರ 2022ರ 90ರಿಂದ 2023ರಲ್ಲಿ 149ಕ್ಕೆ ಹಾರಿದವು, 2025ರ ಜನವರಿ ಒಂದೇ ತಿಂಗಳಲ್ಲಿ ಮೂವತ್ತು ದಾಟಿದವು. ಬಂದೂಕು ಇಳಿಮುಖ, ಬಾಂಬು ಏರುಮುಖ. ಹೀಗೇಕೆ ಎಂಬುದರಲ್ಲಿ ಸಾಕಷ್ಟು ಸಂಗತಿ ಅಡಗಿದೆ.

ಬಂದೂಕಿಗೆ ಬೆಲೆ ಹೆಚ್ಚು, ಅಪಾಯವೂ ಹೆಚ್ಚು. ಇಲ್ಲಿಗೆ ಬರುವ ಅಕ್ರಮ ಬಂದೂಕುಗಳಲ್ಲಿ ಬಹುಪಾಲು ಹಳೆಯ ಯುಗೊಸ್ಲಾವಿಯಾದ ಯುದ್ಧಗಳ ಉಳಿಕೆ; ಕಾರಿನಲ್ಲಿ ಒಂದೊಂದಾಗಿ ಗಡಿ ದಾಟಿ ಬರುತ್ತವೆ. ಅವುಗಳ ಜೊತೆಗೇ ಬಂದ ಕೈಬಾಂಬುಗಳು 2015ರ ಹೊತ್ತಿಗೆ ಮಾಲ್ಮೋ, ಗೋಥೆನ್‌ಬರ್ಗ್‌ಗಳಲ್ಲಿ ಸಿಡಿಯತೊಡಗಿದವು. 2016ರ ಆಗಸ್ಟಿನಲ್ಲಿ ಗೋಥೆನ್‌ಬರ್ಗ್‌ನ ಬಿಸ್ಕೊಪ್ಸ್‌ಗೋರ್ಡೆನ್‌ನಲ್ಲಿ ಕಿಟಕಿಯಿಂದ ಒಳಗೆಸೆದ ಕೈಬಾಂಬಿಗೆ ಬ್ರಿಟನ್ನಿನಿಂದ ನೆಂಟರ ಮನೆಗೆ ಬಂದಿದ್ದ ಎಂಟು ವರ್ಷದ ಹುಡುಗ ಬಲಿಯಾದ. 2018ರ ಜನವರಿಯಲ್ಲಿ ಸ್ಟಾಕ್‌ಹೋಮಿನ ವೋರ್‌ಬಿ ಗೋರ್ಡ್‌ನಲ್ಲಿ ನೆಲದ ಮೇಲೆ ಬಿದ್ದಿದ್ದ ವಸ್ತುವೊಂದನ್ನು ಏನೆಂದು ನೋಡಲು ಎತ್ತಿಕೊಂಡ ಅರವತ್ತು ದಾಟಿದ ವ್ಯಕ್ತಿ ಸತ್ತರು, ಅದು ಕೈಬಾಂಬು. ಈಗ ಕೈಬಾಂಬಿಗಿಂತ ಹೆಚ್ಚಾಗಿ ಕಾಣುವುದು ಥರ್ಮಾಸಿನಲ್ಲಿ ಅಥವಾ ಚೀಲದಲ್ಲಿ ತುಂಬಿದ ಸ್ಫೋಟಕ, ಜೋರು ಪಟಾಕಿಗಳನ್ನು ಕಟ್ಟಿ ಮಾಡಿದ್ದು, ಕಟ್ಟಡ ಕಾಮಗಾರಿಯಿಂದ ಕದ್ದ ಡೈನಮೈಟ್. ಕೈಗೆ ಸಿಗುವುದು ಸುಲಭ, ಗುರಿ ಹಿಡಿಯುವ ಕೌಶಲ ಬೇಡ, ಎದುರಿನವನ ಮುಖ ನೋಡಬೇಕಾಗಿಲ್ಲ. ಉದ್ದೇಶವೂ ಬದಲಾಗಿದೆ. ಕೊಲ್ಲುವುದಕ್ಕಿಂತ ಹೆದರಿಸಿ ಹಣ ವಸೂಲಿ ಮಾಡುವುದು ಹೆಚ್ಚಾಗಿದೆ. ಗುತ್ತಿಗೆದಾರರಿಗೆ, ಅಂಗಡಿ ನಡೆಸುವವರಿಗೆ ಮೊದಲು ಮೆಸೇಜು, ನಂತರ ಬಾಗಿಲಲ್ಲಿ ಸ್ಫೋಟ.

ಇನ್ನು ಇದನ್ನು ಮಾಡುವವರು ಯಾರು? ಇಲ್ಲಿ ಸ್ವೀಡನ್ನಿನ ಕಥೆ ಬೇರೆಲ್ಲ ದೇಶಗಳಿಗಿಂತ ಕರುಳು ಹಿಂಡುತ್ತದೆ. 2020ರ ವಸಂತದಲ್ಲಿ ಫ್ರೆಂಚ್ ಮತ್ತು ಡಚ್ ಪೊಲೀಸರು ಎಂಕ್ರೋಚಾಟ್ ಎಂಬ ಗುಪ್ತ ಸಂದೇಶ ಜಾಲವನ್ನು ಭೇದಿಸಿದರು. ಅದರಲ್ಲಿ ಸಿಕ್ಕ ಸಾಕ್ಷ್ಯದಿಂದ ಸ್ವೀಡನ್ನಿನಲ್ಲಿ ಮೇಲ್ಮಟ್ಟದ ಹಲವರು ಜೈಲು ಸೇರಿದರು. ಅದು ದೊಡ್ಡ ಯಶಸ್ಸು. ಆದರೆ ಖಾಲಿಯಾದ ಜಾಗಕ್ಕೆ ಬಂದವರು ಕಿರಿಯರು, ಹಳಬರ ಲೆಕ್ಕಾಚಾರ ಇಲ್ಲದವರು. ಉಳಿದ ನಾಯಕರು ಟರ್ಕಿ ಮೊದಲಾದ ಕಡೆ ಕೂತು ಫೋನಿನಲ್ಲೇ ಆಜ್ಞೆ ಮಾಡತೊಡಗಿದರು. ‘ಫಾಕ್ಸ್‌ಟ್ರಾಟ್’ ಎಂಬ ಜಾಲದ ಒಳಜಗಳ ಹೊತ್ತಿಕೊಂಡ 2023ರ ಸೆಪ್ಟೆಂಬರಿನಲ್ಲಿ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಪೊಲೀಸರ ಅಂದಾಜಿನಲ್ಲಿ ಆ ಹೊತ್ತಿಗೆ ಗ್ಯಾಂಗುಗಳಲ್ಲಿ ಸಕ್ರಿಯರಾಗಿದ್ದವರು 14,000, ಅವರ ಜೊತೆ ನಂಟಿದ್ದವರು ಇನ್ನೂ 48,000.

ಸುಪಾರಿ ಈಗ ಜಾಹೀರಾತಿನಂತೆ ಬರುತ್ತದೆ. ಟೆಲಿಗ್ರಾಂ ಅಥವಾ ಸಿಗ್ನಲ್ ಗುಂಪಿನಲ್ಲಿ ಕೆಲಸ, ಊರು, ಮೊತ್ತ ಹಾಕುತ್ತಾರೆ. ಒಪ್ಪಿಕೊಂಡವನಿಗೆ ಆಯುಧ ಎಲ್ಲಿ ಇಟ್ಟಿದೆಯೆಂದು ಒಬ್ಬ ತಿಳಿಸುತ್ತಾನೆ, ಹೋಗಲು ಟ್ಯಾಕ್ಸಿ ಮಾಡಿಸುವವನು ಇನ್ನೊಬ್ಬ, ವಿಳಾಸ ಕೊಡುವವನು ಮತ್ತೊಬ್ಬ. ಒಬ್ಬರಿಗೊಬ್ಬರು ಮುಖ ಕಂಡಿರುವುದಿಲ್ಲ. ಮಾಡಿದ್ದಕ್ಕೆ ವಿಡಿಯೊ ಕಳಿಸಬೇಕು. ಒಪ್ಪಿಕೊಳ್ಳುವವರಲ್ಲಿ ಎಷ್ಟೋ ಜನ ಹದಿನಾಲ್ಕು, ಹದಿನೈದು, ಹದಿನಾರರ ಮಕ್ಕಳು. ಗುರಿಯ ಹೆಸರನ್ನು ಆ ದಿನ ಮೊದಲ ಸಲ ಕೇಳಿದವರು. ಊರು ಗೊತ್ತಿಲ್ಲ, ಕಟ್ಟಡ ಗೊತ್ತಿಲ್ಲ, ಬಾಗಿಲು ತಪ್ಪುತ್ತದೆ. ತಪ್ಪು ಮನೆಗೆ ಗುಂಡು, ತಪ್ಪು ಮೆಟ್ಟಿಲಿಗೆ ಬಾಂಬು ಎಂಬ ಸುದ್ದಿಗಳ ಹಿಂದಿರುವುದು ಇದೇ. ಎಷ್ಟೋ ಮಕ್ಕಳು ಕೆಲವೇ ಗಂಟೆಗಳಲ್ಲಿ ಸಿಕ್ಕಿಬೀಳುತ್ತಾರೆ. ಆಸೆ ತೋರಿಸಿದ ಹಣ ಎಷ್ಟೋ ಸಲ ಕೈಗೆ ಬರುವುದೇ ಇಲ್ಲ.

ಮಕ್ಕಳೇ ಏಕೆ? ಸ್ವೀಡನ್ನಿನಲ್ಲಿ ಶಿಕ್ಷೆಗೆ ಒಳಪಡುವ ವಯಸ್ಸು 2025ರಲ್ಲಿ 15 ಇತ್ತು. ಅದಕ್ಕಿಂತ ಚಿಕ್ಕವರು ಕೊಲೆ ಮಾಡಿದರೂ ಜೈಲಿರಲಿಲ್ಲ, ಸಮಾಜ ಕಲ್ಯಾಣ ಇಲಾಖೆಯ ಆರೈಕೆ ಮಾತ್ರ. 15ರಿಂದ 17ರವರಿಗೆ ಮುಚ್ಚಿದ ಬಾಲಗೃಹದಲ್ಲಿ ಹೆಚ್ಚೆಂದರೆ ನಾಲ್ಕು ವರ್ಷ ಎಂಬುದು ಬಹುಕಾಲದ ರೂಢಿಯಾಗಿತ್ತು. ಆ ಬಾಲಗೃಹಗಳೇ ಹೊಸ ಹುಡುಗರನ್ನು ಸೇರಿಸಿಕೊಳ್ಳುವ ಜಾಗಗಳಾದವು. ಮಕ್ಕಳನ್ನು ಮಕ್ಕಳಾಗಿ ಕಾಣಬೇಕೆಂಬ ಒಳ್ಳೆಯ ಕಾನೂನನ್ನು ಗ್ಯಾಂಗುಗಳು ಅಗ್ಗದ ಕೂಲಿಯ ಮೂಲವಾಗಿ ಬಳಸಿಕೊಂಡಿವೆ. 2024ರಲ್ಲಿ ಇದೇ ಮಕ್ಕಳು ಡೆನ್ಮಾರ್ಕಿಗೂ ಬಾಡಿಗೆಗೆ ಹೋಗತೊಡಗಿದಾಗ ಡೇನರು ಗಡಿ ತಪಾಸಣೆ ಬಿಗಿ ಮಾಡಿದರು. 2025ರ ಏಪ್ರಿಲಿನಲ್ಲಿ ಸ್ವೀಡನ್ ಮುಂದಾಳತ್ವದಲ್ಲಿ ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ‘ಗ್ರಿಮ್’ ಎಂಬ ಕಾರ್ಯಪಡೆಯನ್ನೇ ಕಟ್ಟಿತು.

ವಲಸೆಗೂ ಇದಕ್ಕೂ ಇರುವ ಸಂಬಂಧವನ್ನು ವಲಸಿಗರಾದ ನಾವು ಮಾತಾಡದೆ ಜಾರಿಕೊಳ್ಳಬಾರದು. 2021ರಲ್ಲಿ ಬ್ರೋ ಪ್ರಕಟಿಸಿದ ವರದಿಯಂತೆ, ಅಪರಾಧದ ಶಂಕಿತರಾಗಿ ದಾಖಲಾಗುವ ಸಾಧ್ಯತೆ ಇಬ್ಬರು ಸ್ವೀಡಿಷ್ ಪೋಷಕರ ಮಕ್ಕಳಿಗೆ ಹೋಲಿಸಿದರೆ ವಿದೇಶದಲ್ಲಿ ಹುಟ್ಟಿದವರಲ್ಲಿ ಸುಮಾರು ಎರಡೂವರೆ ಪಟ್ಟು. ವಯಸ್ಸು, ಲಿಂಗ, ಆದಾಯ, ಓದು ಇವನ್ನೆಲ್ಲ ಸರಿಹೊಂದಿಸಿ ನೋಡಿದರೆ ಅದು ಎರಡು ಪಟ್ಟಿಗಿಂತ ಕೆಳಗೆ ಬರುತ್ತದೆ, ಆದರೆ ಅಳಿಸಿಹೋಗುವುದಿಲ್ಲ. ‘ವಿದೇಶದಲ್ಲಿ ಹುಟ್ಟಿದವರು’ ಎಂಬ ಒಂದೇ ಗುಂಪಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರೂ ಇದ್ದಾರೆ, ಯುದ್ಧದಿಂದ ಓಡಿಬಂದ ಮಗುವೂ ಇದೆ. ಅವರಿಬ್ಬರ ಬದುಕಿಗೆ ಹೋಲಿಕೆಯೇ ಇಲ್ಲ. ಗುಂಡು ಹಾರಿಸುವ ಹುಡುಗರಲ್ಲಿ ಎಷ್ಟೋ ಜನ ಸ್ವೀಡನ್ನಿನಲ್ಲೇ ಹುಟ್ಟಿದವರು. 1965ರಿಂದ 1974ರವರೆಗೆ ಸರ್ಕಾರ ಹತ್ತು ಲಕ್ಷ ಮನೆ ಕಟ್ಟಿಸಿತು. ಊರಂಚಿನಲ್ಲಿ ಎದ್ದ ಆ ಕಾಂಕ್ರೀಟ್ ಬಡಾವಣೆಗಳಿಂದ ಸ್ಥಿತಿವಂತರು ಹೊರಟರು, ಹೊಸದಾಗಿ ಬಂದವರು ಅಲ್ಲೇ ತುಂಬಿಕೊಂಡರು. ಬಡತನ, ಹಿಂದುಳಿದ ಶಾಲೆ, ಮಾದಕವಸ್ತುವಿನ ಮಾರುಕಟ್ಟೆ ಒಂದೇ ಚೌಕದಲ್ಲಿ ಸೇರಿದವು. ತೊಂದರೆ ಇದೆ ಎಂದು ಹೇಳಲು ಆಳುವವರು ತುಂಬ ತಡಮಾಡಿದರು ಎಂಬುದು ಈ ಬರಹದ ಸ್ಪಷ್ಟ ಅಭಿಪ್ರಾಯ.

ಕನ್ನಡಿಗರಿಗೂ ಈ ಬಡಾವಣೆಗಳಿಗೂ ನೇರ ಸಂಬಂಧ ಬರುವುದು ಬಾಡಿಗೆ ಮನೆಯ ಮೂಲಕ. ಸ್ಟಾಕ್‌ಹೋಮಿನ ಐಟಿ ಕೇಂದ್ರದ ಹೆಸರು ನಕ್ಷೆಯಲ್ಲಿ ಕಿಸ್ತಾ, ಬಾಯಲ್ಲಿ ಶಿಸ್ತಾ. ಅಲ್ಲಿಂದ ಮೆಟ್ರೋದ ನೀಲಿ ಮಾರ್ಗದಲ್ಲಿ ಒಂದೇ ನಿಲ್ದಾಣ ಮುಂದೆ ಹೂಸ್‌ಬಿ, ಅದರಾಚೆ ಅಕಲ್ಲಾ. ಹತ್ತಿರದಲ್ಲೇ ರಿಂಕೆಬಿ, ತೆನ್‌ಸ್ತಾ. ನಗರದ ಅಧಿಕೃತ ಬಾಡಿಗೆ ಸರದಿಯಲ್ಲಿ ಮನೆ ಸಿಗಲು ಒಂಬತ್ತು ವರ್ಷದ ಆಸುಪಾಸು ಬೇಕು. ಹಾಗಾಗಿ ಹೊಸಬರು ಇನ್ನೊಬ್ಬರ ಮನೆಯನ್ನು ಎರಡನೇ ಕೈಯಲ್ಲಿ ಬಾಡಿಗೆಗೆ ಹಿಡಿಯುತ್ತಾರೆ, ಅಂಥ ಮನೆಗಳು ಆಫೀಸಿಗೆ ಹತ್ತಿರ ಈ ಭಾಗದಲ್ಲೇ ಸಿಗುತ್ತವೆ. ರಿಂಕೆಬಿ, ತೆನ್‌ಸ್ತಾ, ಹೂಸ್‌ಬಿ ವರ್ಷಗಳಿಂದ ಪೊಲೀಸರ ‘ದುರ್ಬಲ ಪ್ರದೇಶ’ದ, ಅಂದರೆ ಅಪರಾಧಿಗಳ ಪ್ರಭಾವ ಹೆಚ್ಚಿರುವ ಬಡಾವಣೆಗಳ, ಪಟ್ಟಿಯಲ್ಲಿ ಬರುವ ಹೆಸರುಗಳು. 2023ರ ಪಟ್ಟಿಯಲ್ಲಿ ದೇಶದ 59 ಪ್ರದೇಶಗಳಿದ್ದವು, 17 ‘ವಿಶೇಷ ದುರ್ಬಲ’ ಎಂಬ ಕೊನೆಯ ದರ್ಜೆಯವು. ಆ ದರ್ಜೆಯ ಅರ್ಥ, ಸಾಕ್ಷಿ ಹೇಳಲು ನಿವಾಸಿಗಳು ಹೆದರುತ್ತಾರೆ, ಪೊಲೀಸರಿಗೆ ಕೆಲಸ ಕಷ್ಟ ಎಂದು. ಪೊಲೀಸರು ಕಾಲಿಡದ ಜಾಗ ಎಂದಲ್ಲ. ಹಗಲು ಹೊತ್ತಿನಲ್ಲಿ ರಿಂಕೆಬಿಯ ಚೌಕದಲ್ಲಿ ತರಕಾರಿ ಕೊಳ್ಳಲು ಯಾರೂ ಹೆದರಬೇಕಿಲ್ಲ. ಹಸಿಮೆಣಸು, ಕೊತ್ತಂಬರಿ ಅಗ್ಗವಾಗಿ ಸಿಗುವ ಜಾಗಗಳಲ್ಲಿ ಅದೂ ಒಂದು.

ಹಾಗಾದರೆ ಮನೆ ಹಿಡಿಯುವಾಗ ನೋಡಬೇಕಾದ್ದು ಬಡಾವಣೆಯ ಹೆಸರಿಗಿಂತ ಮೊದಲು ಆ ಫ್ಲ್ಯಾಟಿನ ಇತಿಹಾಸ. ಎರಡನೇ ಕೈ ಬಾಡಿಗೆಯಲ್ಲಿ ನಿಮಗಿಂತ ಮುಂಚೆ ಇದ್ದವರು, ಅಥವಾ ಎಂದೂ ಅಲ್ಲಿ ವಾಸ ಮಾಡದೆ ಕಾಗದದಲ್ಲಷ್ಟೇ ಇದ್ದವರು, ಅದೇ ವಿಳಾಸದಲ್ಲಿ ನೋಂದಾಯಿತರಾಗಿ ಉಳಿದಿರಬಹುದು. ಅವರನ್ನು ಹುಡುಕುವವನಿಗೆ ವೆಬ್‌ಸೈಟು ನಿಮ್ಮ ಬಾಗಿಲನ್ನೇ ತೋರಿಸುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಆ ವಿಳಾಸವನ್ನು ಒಂದೆರಡು ಹುಡುಕು ತಾಣಗಳಲ್ಲಿ ಹಾಕಿ ನೋಡಿ. ಬಂದ ಮೇಲೆ ಗುರುತಿಲ್ಲದ ಹೆಸರಿಗೆ ಅಂಚೆ, ಅದರಲ್ಲೂ ಸಾಲ ವಸೂಲಿ ಇಲಾಖೆಯ ಪತ್ರ ಪದೇ ಪದೇ ಬಂದರೆ ಕಸದ ಬುಟ್ಟಿಗೆ ಹಾಕಿ ಸುಮ್ಮನಾಗಬೇಡಿ. ಜನನೋಂದಣಿ ನೋಡಿಕೊಳ್ಳುವುದು ಸ್ಕಾತ್ತೆವೆರ್ಕೆತ್, ಅಂದರೆ ತೆರಿಗೆ ಇಲಾಖೆ. ತಪ್ಪು ನೋಂದಣಿ ಇದೆಯೆಂದು ಅಲ್ಲಿಗೆ ದೂರು ಕೊಡಬಹುದು. ನಿಮ್ಮ ವಿಳಾಸವನ್ನು ಬೇರೆಯವರು ಬದಲಿಸದಂತೆ ತಡೆ ಹಾಕಿಸಲೂಬಹುದು. ಬಾಗಿಲಿನ ಮೇಲೆ ಹಳೆಯ ಬಾಡಿಗೆದಾರನ ಹೆಸರಿದ್ದರೆ ಮೊದಲ ದಿನವೇ ತೆಗೆಸಿ.

ವಿಮೆಯಲ್ಲಿ ಎಡವುವವರು ತುಂಬ. ಮನೆ ಮಾಲೀಕನ ವಿಮೆ ನಿಮ್ಮ ಲ್ಯಾಪ್‌ಟಾಪು, ಪಾತ್ರೆ, ಮಂಚಕ್ಕೆ ಸಲ್ಲುವುದಿಲ್ಲ. ಕಟ್ಟಡದ ಹಾನಿಗೆ ಕಟ್ಟಡದ ವಿಮೆ, ನಿಮ್ಮ ಸಾಮಾನಿಗೂ ಮನೆ ಖಾಲಿ ಮಾಡಿ ಬೇರೆಡೆ ಉಳಿಯಬೇಕಾದ ಖರ್ಚಿಗೂ ನಿಮ್ಮದೇ ಹೆಸರಿನ ಹೆಮ್‌ಫೋರ್‌ಸೇಕ್ರಿಂಗ್, ಅಂದರೆ ಗೃಹವಿಮೆ. ಹಲ್ಲೆಗೆ ಒಳಗಾದರೆ ಪರಿಹಾರ ಕೊಡುವ ಭಾಗ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ಮನೆಯಲ್ಲಿರುವ ಎಲ್ಲರ ಹೆಸರೂ ಪಾಲಿಸಿಯಲ್ಲಿ ಇದೆಯೇ ನೋಡಿ. ಊರಿನಿಂದ ಬಂದು ಮೂರು ತಿಂಗಳು ಉಳಿಯುವ ಅತ್ತೆ ಮಾವ ಅದರಲ್ಲಿ ಸೇರಿರುವುದಿಲ್ಲ.

ರಾತ್ರಿ ಸ್ಫೋಟದ ಸದ್ದಾದರೆ ಕಿಟಕಿಗೆ ಓಡಬೇಡಿ, ಬಾಲ್ಕನಿಗೆ ಹೋಗಿ ವಿಡಿಯೊ ಮಾಡಬೇಡಿ. ಎರಡನೆಯದು ಸಿಡಿಯದೆ ಉಳಿದಿರಬಹುದು, ಅರ್ಧ ಕಳಚಿದ ಗಾಜು ಆಮೇಲೂ ಬೀಳುತ್ತದೆ. ಮೊದಲು ಚಪ್ಪಲಿ ಹಾಕಿಕೊಳ್ಳಿ; ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಿದರೆ ನೆಲದ ಮೇಲಿನ ಗಾಜು ಅಂಗಾಲು ಸೀಳುತ್ತದೆ. 112ಕ್ಕೆ ಕರೆ ಮಾಡಿ. ಮೆಟ್ಟಿಲಿನಲ್ಲಿ ಹೊಗೆ ತುಂಬಿದ್ದರೆ ಬಾಗಿಲು ತೆರೆಯದೆ ಒಳಗೇ ಇರಿ. ಇಲ್ಲಿನ ಫ್ಲ್ಯಾಟಿನ ಕಾಂಕ್ರೀಟ್ ಗೋಡೆ ಸ್ವಲ್ಪ ಹೊತ್ತು ಕಾಪಾಡುತ್ತದೆ, ಹೊಗೆ ತುಂಬಿದ ಮೆಟ್ಟಿಲು ಕಾಪಾಡುವುದಿಲ್ಲ. ಬಾಗಿಲ ಬಳಿ ಅನಾಥ ಥರ್ಮಾಸು, ಟೇಪು ಸುತ್ತಿದ ಪೊಟ್ಟಣ ಕಂಡರೆ ಮುಟ್ಟದೆ ದೂರ ಸರಿದು ಫೋನ್ ಮಾಡಿ. ಬಾಂಬ್ ನಿಷ್ಕ್ರಿಯ ದಳ ಬಂದು ಮುಗಿಸುವವರೆಗೆ ಗಂಟೆಗಟ್ಟಲೆ ಹೊರಗಿರಬೇಕಾಗಬಹುದು, ಜನವರಿಯಲ್ಲಾದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ. ಪಾಸ್‌ಪೋರ್ಟು, ನಿವಾಸ ಪರವಾನಗಿ ಕಾರ್ಡು, ಔಷಧಿ, ಚಾರ್ಜರು, ಮಕ್ಕಳ ಬೆಚ್ಚನೆಯ ಬಟ್ಟೆ ಒಂದು ಚೀಲದಲ್ಲಿ ಬಾಗಿಲ ಬಳಿ ಇಟ್ಟಿರುವುದು ಅತಿಯಾದ ಹೆದರಿಕೆಯೇನಲ್ಲ. ತುರ್ತಿಲ್ಲದ ಮಾಹಿತಿ ಕೊಡಲು ಪೊಲೀಸರ ಸಂಖ್ಯೆ 114 14.

ಎಲ್ಲ ಹಿಂಸೆಯೂ ಗ್ಯಾಂಗಿನದಲ್ಲ ಎಂಬುದನ್ನು 2025ರ ಫೆಬ್ರುವರಿ 4 ತೋರಿಸಿತು. ಓರೆಬ್ರೂ ನಗರದ ವಯಸ್ಕರ ಶಾಲೆಯಲ್ಲಿ ಒಬ್ಬ ಪರವಾನಗಿ ಇದ್ದ ಬೇಟೆ ಬಂದೂಕಿನಿಂದ ಹತ್ತು ಜನರನ್ನು ಕೊಂದು ತಾನೂ ಸತ್ತ. ವಲಸಿಗರು ಸ್ವೀಡಿಷ್ ಕಲಿಯುವ ಎಸ್‌ಎಫ್‌ಐ ತರಗತಿಗಳು ನಡೆಯುತ್ತಿದ್ದ ಶಾಲೆ ಅದು. ಗಂಡನ ಅಥವಾ ಹೆಂಡತಿಯ ಕೆಲಸದ ಜೊತೆ ಬಂದ ಕನ್ನಡಿಗರು ಮೊದಲು ಹೋಗುವುದು ಇಂಥ ತರಗತಿಗೇ. ಆ ವಾರ ದೇಶದ ಎಸ್‌ಎಫ್‌ಐ ಕೋಣೆಗಳಲ್ಲಿ ಕೂತವರಿಗೆ ಆದ ಭಯಕ್ಕೆ ವಿಳಾಸದ ಲೆಕ್ಕಾಚಾರ ಸಮಾಧಾನ ಹೇಳಲಾರದು.

ಸರ್ಕಾರ ಸುಮ್ಮನೆ ಕೂತಿಲ್ಲ. 2023ರ ಅಕ್ಟೋಬರಿನಿಂದ, ನಿರ್ದಿಷ್ಟ ಅಪರಾಧದ ಶಂಕೆ ಇಲ್ಲದಿದ್ದರೂ ಗಂಭೀರ ಅಪರಾಧ ತಡೆಯಲು ಫೋನ್ ಕದ್ದಾಲಿಸಬಹುದು. 2024ರ ಜನವರಿಯಿಂದ ಗಂಭೀರ ಆಯುಧ ಅಪರಾಧಕ್ಕೆ ಕನಿಷ್ಠ ನಾಲ್ಕು ವರ್ಷ ಜೈಲು. ಅದೇ ವರ್ಷದ ಏಪ್ರಿಲಿನಿಂದ ಪೊಲೀಸರು ‘ಭದ್ರತಾ ವಲಯ’ ಘೋಷಿಸಿ ಅಲ್ಲಿ ಯಾರನ್ನಾದರೂ ಶಂಕೆಯಿಲ್ಲದೆಯೂ ತಡಕಬಹುದು. 2025ರಲ್ಲಿ ಗಂಭೀರ ಅಪರಾಧಗಳಿಗೆ ಶಿಕ್ಷೆಯ ವಯಸ್ಸನ್ನು 13ಕ್ಕೆ ಇಳಿಸುವ ಪ್ರಸ್ತಾವ ಬಂತು. 13ಕ್ಕೆ ಇಳಿಸಿದರೆ ಗ್ಯಾಂಗುಗಳು 12ರವರನ್ನು ಹುಡುಕುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜಾಹೀರಾತು ಹಾಕುವವನನ್ನು ಹಿಡಿಯುವುದೇ ನಿಜವಾದ ಕೆಲಸ. ತಡಕುವ ಅಧಿಕಾರದಿಂದ ನಮಗಾಗುವುದು ಇಷ್ಟು: ವಲಯ ಘೋಷಣೆಯಾದ ಬಡಾವಣೆಯಲ್ಲಿ ಕಂದು ಮೈಬಣ್ಣದ ಹುಡುಗ ಶಾಲೆಯಿಂದ ಬರುವಾಗ ಅವನ ಚೀಲ ತೆರೆಸಿ ನೋಡಬಹುದು. ಅವಮಾನವೆನಿಸಿದರೂ ಅಲ್ಲಿ ವಾದಕ್ಕಿಳಿಯದೆ ಸಹಕರಿಸಿ, ಆಮೇಲೆ ಬೇಕಿದ್ದರೆ ದೂರು ಕೊಡಬಹುದು ಎಂದು ಮಗನಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಇನ್ನೊಂದು ಪೆಟ್ಟು ಕಾನೂನಿನ ಬೇರೆ ಪುಟದಿಂದ ಬರುತ್ತಿದೆ. ಅಪರಾಧದ ಚರ್ಚೆ ಜೋರಾದಷ್ಟೂ ವಲಸೆಯ ನಿಯಮ ಒಟ್ಟಾರೆಯಾಗಿ ಬಿಗಿಯಾಗುತ್ತದೆ. 2023ರ ನವೆಂಬರಿನಲ್ಲಿ ಕೆಲಸದ ಪರವಾನಗಿಗೆ ಕನಿಷ್ಠ ಸಂಬಳವನ್ನು ಒಮ್ಮೆಲೇ ದೇಶದ ಮಧ್ಯಾಂಕ ಸಂಬಳದ (ಎಲ್ಲರ ಸಂಬಳ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಮೊತ್ತದ) ಶೇ. 80ಕ್ಕೆ, ಅಂದರೆ ಆಗಿನ ಲೆಕ್ಕದಲ್ಲಿ ತಿಂಗಳಿಗೆ 27,360 ಕ್ರೋನಾಕ್ಕೆ ಏರಿಸಲಾಯಿತು. ಅದಕ್ಕೂ ಮುಂಚೆ 13,000 ಸಾಕಿತ್ತು. ಎಂಜಿನಿಯರುಗಳು ದಾಟಿಕೊಂಡರು, ಹೋಟೆಲಿನ ಅಡುಗೆಯವರು ಸಿಕ್ಕಿಹಾಕಿಕೊಂಡರು. ಪೌರತ್ವಕ್ಕೆ ಐದು ವರ್ಷದ ಬದಲು ಎಂಟು ವರ್ಷದ ವಾಸ ಬೇಕೆಂಬ ಪ್ರಸ್ತಾವವೂ ಬಂತು. ಇಲ್ಲಿನ ಬಹುಪಾಲು ಕನ್ನಡಿಗರನ್ನು ಈ ಹಿಂಸೆ ಗುಂಡಿಗಿಂತ ಮೊದಲು ಕಾಗದಪತ್ರದ ದಾರಿಯಲ್ಲಿ ಮುಟ್ಟುತ್ತದೆ.

ಮಕ್ಕಳ ವಿಷಯದಲ್ಲಿ ನಮ್ಮವರು ಮಾಡುವ ಒಂದು ತಪ್ಪು, ‘ನಮ್ಮ ಮನೆಯಲ್ಲಿ ಓದಿನ ವಾತಾವರಣ ಇದೆ, ನಮಗೆ ಇದು ಬರುವುದಿಲ್ಲ’ ಎಂದುಕೊಳ್ಳುವುದು. ಸ್ನ್ಯಾಪ್‌ಚಾಟಿನಲ್ಲಿ ಬರುವ ಮೊದಲ ಕೆಲಸ ಕೊಲೆಯದಲ್ಲ. ಒಂದು ಪೊಟ್ಟಣ ಇಲ್ಲಿಂದ ಅಲ್ಲಿಗೆ ಕೊಡು, ನಿನ್ನ ಖಾತೆಗೆ ಬಂದ ಹಣವನ್ನು ಇನ್ನೊಬ್ಬರಿಗೆ ಕಳಿಸು ಎಂಬಷ್ಟೇ. ವಯಸ್ಸಾದವರಿಗೆ ಫೋನ್ ಮಾಡಿ ಬ್ಯಾಂಕ್‌ಐಡಿ ಎಂಬ ಫೋನಿನ ಗುರುತುಪತ್ರ ಒತ್ತಿಸಿ ದೋಚಿದ ಹಣ ಹೀಗೆ ಮಕ್ಕಳ ಖಾತೆಗಳ ಮೂಲಕವೇ ಹರಿಯುತ್ತದೆ. ಅಂಥ ಪೊಟ್ಟಣ ‘ಕಳವಾಯಿತು’ ಎಂದು ಗ್ಯಾಂಗಿನವರೇ ನಾಟಕ ಮಾಡಿ ಹುಡುಗನ ತಲೆಗೆ ಸಾಲ ಕಟ್ಟುತ್ತಾರೆ, ಮುಂದಿನ ಕೆಲಸ ಆ ಸಾಲ ತೀರಿಸಲು. ಎರಡನೇ ಫೋನು, ಕೇಳಿದರೆ ಉತ್ತರವಿಲ್ಲದ ದುಬಾರಿ ಜಾಕೆಟ್ಟು, ರಾತ್ರಿ ಯಾರೋ ಬುಕ್ ಮಾಡಿದ ಟ್ಯಾಕ್ಸಿ ಇವು ಕಂಡಾಗಲೇ ಮಾತಾಡಬೇಕು. ಯಾರ ಜೊತೆ ಎಂಬಲ್ಲೇ ಜನ ಹಿಂಜರಿಯುತ್ತಾರೆ. ಸಮಾಜ ಕಲ್ಯಾಣ ಕಚೇರಿಗೆ ಹೇಳಿದರೆ ಮಗುವನ್ನೇ ಕರೆದುಕೊಂಡು ಹೋಗುತ್ತಾರೆ ಎಂಬ ಭಯ ನಮ್ಮ ಕುಟುಂಬಗಳಲ್ಲಿ ಆಳವಾಗಿದೆ. ಪೋಷಕರು ತಾವಾಗಿಯೇ ಕೇಳಿದಾಗ ಮೊದಲು ಸಿಗುವುದು ಅವರ ಒಪ್ಪಿಗೆಯ ಮೇಲಿನ ನೆರವು. ಬಲವಂತದ ಆರೈಕೆ ಮುಂದುವರಿಯಬೇಕಾದರೆ ಆಡಳಿತ ನ್ಯಾಯಾಲಯ ಒಪ್ಪಬೇಕು. ಶಾಲೆ, ಸಮಾಜ ಕಲ್ಯಾಣ, ಪೊಲೀಸ್, ಬಿಡುವಿನ ಚಟುವಟಿಕೆಯ ಕೇಂದ್ರ ನಾಲ್ಕೂ ಸೇರಿ ಒಬ್ಬ ಹುಡುಗನ ಬೆನ್ನಿಗೆ ನಿಲ್ಲುವ ‘ಎಸ್‌ಎಸ್‌ಪಿಎಫ್’ ಎಂಬ ವ್ಯವಸ್ಥೆ ಹಲವು ನಗರಸಭೆಗಳಲ್ಲಿದೆ. ಹೆಸರು ಹೇಳದೆಯೇ ನಿಮ್ಮ ನಗರಸಭೆಯ ಸಮಾಜ ಕಲ್ಯಾಣ ಕಚೇರಿಗೆ ಫೋನ್ ಮಾಡಿ, ‘ಹದಿಮೂರು ವರ್ಷದ ಹುಡುಗ, ಹೀಗೆ ಹೀಗೆ ಆಗಿದೆ, ಏನು ಮಾಡಬಹುದು’ ಎಂದು ಕೇಳಲು ಅವಕಾಶವಿದೆ. ಸ್ವೀಡಿಷ್ ಬಾರದಿದ್ದರೆ ದುಭಾಷಿ ಬೇಕೆಂದು ಹೇಳಿ, ಕನ್ನಡದವರು ಬೇಕೆಂದೂ ಕೇಳಿ ನೋಡಿ.